ಹೇಸುವುದನ್ನು ಕಲಿಸಿದ ಮೇಸ್ತ್ರಿ

ಅವರ ಮೂಗಿನ ಎರಡೂ ಹೊಳ್ಳೆಗಳಲ್ಲಿ ಹತ್ತಿ ಇರುತ್ತಿತ್ತು. ನೀಲಗಿರಿ ಎಣ್ಣೆಯಲ್ಲಿ ಅದ್ದಿ, ಉಂಡೆ ಮಾಡಿ, ಕಿರುಬೆರಳಿನಿಂದ ಒಳಕ್ಕೆ ದೂಡಿಕೊಂಡ ಹತ್ತಿ. ನಮ್ಮ ಕಡೆ ಹೆಣದ ಮೂಗಿಗಲ್ಲದೆ ಯಾರ ಮೂಗಿಗೂ ಹಾಗೆ ಹತ್ತಿ ಇಡುವುದಿಲ್ಲ. ಹಣೆಯ ಮೇಲೆ ಮೂರು ಬೆರಳಿನ ವಿಭೂತಿ, ಕೆಳಗೆ ಆ ಹತ್ತಿ, ಉಸಿರಿಗಾಗಿ ಅರ್ಧ ತೆರೆದ ಬಾಯಿ. ಅವರು ಮೊದಲ ದಿನ ರೈಲು ಬೋಗಿಯ ಅಡಿಯಿಂದ ಮೇಲೆದ್ದು ಬಂದಾಗ ನಾನು ಒಂದು ಹೆಜ್ಜೆ ಹಿಂದೆ ಸರಿದಿದ್ದೆ. ಡಿಪೋದಲ್ಲಿ ಬೆನ್ನ ಹಿಂದೆ ಅವರನ್ನು 'ಎದ್ದ ಹೆಣ' ಎನ್ನುತ್ತಿದ್ದರು. ಅಪ್ರೆಂಟಿಸ್‌ಗಳಾದ ನಮಗೆ ಅವರು ಮೇಸ್ತ್ರಿ.

ನಾನು ಬುಕ್ಕಸಾಗರದವನು. ಅವ್ವ ಕಂಡವರ ಗದ್ದೆಯಲ್ಲಿ ಭತ್ತದ ನಾಟಿಗೆ ಹೋಗಿ ನನ್ನನ್ನು ಮೆಕ್ಯಾನಿಕಲ್ ಡಿಪ್ಲೊಮಾ ಓದಿಸಿದಳು. ಹೊಸಪೇಟೆ ಕಡೆಯ ಡಿಪೋವೊಂದರಲ್ಲಿ ಅಪ್ರೆಂಟಿಸ್ ಎಂದು ಪತ್ರ ಬಂದಾಗ ನಮ್ಮ ಕೇರಿಯಲ್ಲಿ ಎಲ್ಲರಿಗೂ ನಾನು ರೈಲ್ವೆ ಇಂಜಿನಿಯರ್ ಆಗಿಬಿಟ್ಟಿದ್ದೆ. ಬ್ರೇಕು, ಸ್ಪ್ರಿಂಗು, ಗಾಲಿ ಕಲಿಯುತ್ತೇನೆ ಎಂದುಕೊಂಡು ಹೋದವನಿಗೆ ಸಿಕ್ಕಿದ್ದು ಪಿಟ್ ಲೈನು. ಹಳಿಗಳ ನಡುವೆ ಆಳುದ್ದ ತೋಡಿದ ಕಾಲುವೆ ಅದು. ಅದರಲ್ಲಿ ನಿಂತು ತಲೆಯ ಮೇಲಿನ ಬೋಗಿಯ ಹೊಟ್ಟೆ ನೋಡಬೇಕು. ಆ ಹೊಟ್ಟೆಯಲ್ಲಿ ಪಾಯಖಾನೆಯ ಟ್ಯಾಂಕುಗಳಿರುತ್ತವೆ. ಅವು ತಮ್ಮಷ್ಟಕ್ಕೆ ಎಲ್ಲವನ್ನೂ ಕರಗಿಸುತ್ತವೆ ಎಂದು ಪುಸ್ತಕದಲ್ಲಿತ್ತು. ನೀರಿನ ಬಾಟಲಿ, ಮಗುವಿನ ಚಡ್ಡಿ, ಗುಟ್ಕಾ ಚೀಟಿ, ಹೆಂಗಸರ ಬಟ್ಟೆ, ಬಿರಿಯಾನಿಯ ಎಲುಬು, ಇವನ್ನು ಯಾವ ಟ್ಯಾಂಕು ಕರಗಿಸೀತು? ಕಟ್ಟಿಕೊಂಡದ್ದು ಒಸರಿ, ತೊಟ್ಟಿಕ್ಕಿ, ನಮ್ಮ ಹೆಗಲ ಮೇಲೆ ಬೀಳುತ್ತಿತ್ತು. ಹಂಪಿಯಲ್ಲಿ ಒಂದೊಂದು ಕಲ್ಲಿಗೂ ಕೈಮುಗಿದು ಫೋಟೊ ತೆಗೆಸಿಕೊಳ್ಳುವ ಜನ ವಾಪಸು ರೈಲು ಹತ್ತಿದ ಮೇಲೆ ಏನೇನು ಮಾಡುತ್ತಾರೆಂದು ನನ್ನನ್ನು ಕೇಳಬೇಕು. ಅವತ್ತಿನಿಂದ ನನಗೆ ಯಾವ ಇಸ್ತ್ರಿ ಅಂಗಿಯ ಮೇಲೂ ಗೌರವ ಉಳಿದಿಲ್ಲ.

ಟ್ಯಾಂಕಿನ ಗ್ಯಾಂಗಿಗೆ ಯಾರು, ಬ್ರೇಕಿನ ಗ್ಯಾಂಗಿಗೆ ಯಾರು ಎಂದು ಹಂಚುವ ರೀತಿಯೊಂದಿತ್ತು. ನಮ್ಮ ಮೇಲಿದ್ದ ಇಂಜಿನಿಯರು ಚಹಾದ ಲೋಟ ಹಿಡಿದು ಹೊಸ ಹುಡುಗರನ್ನು ನಗುನಗುತ್ತಾ ವಿಚಾರಿಸುತ್ತಿದ್ದ. "ಯಾವೂರಪ? ಊರಾಗ ಮನಿ ಎಲ್ಲಿ ಬರ್ತೈತಿ? ಅಗಸಿ ಒಳಗೋ ಹೊರಗೋ?" ಅಷ್ಟೇ. ಜಾತಿಯ ಹೆಸರು ಅವನ ಬಾಯಲ್ಲಿ ಒಮ್ಮೆಯೂ ಬಂದದ್ದಿಲ್ಲ. ಊರಬಾಗಿಲ ಒಳಗಿನವರೆಲ್ಲ ಬ್ರೇಕು ಕಲಿತರು. ನಾನು ಮತ್ತು ದರೋಜಿಯ ಇನ್ನೊಬ್ಬ ಹೊರಗಿನವರು; ನಮಗೆ ಟ್ಯಾಂಕು. ಆ ನಗುವನ್ನು ನೆನೆದರೆ ಇವತ್ತಿಗೂ ಬಾಯಲ್ಲಿ ನೀರೂರಿ ಉಗುಳಬೇಕೆನಿಸುತ್ತದೆ.

ಮೇಸ್ತ್ರಿಯ ಮೇಲೂ ನನಗೆ ಇದೇ ಸಿಟ್ಟಿತ್ತು. ನಮ್ಮ ಟ್ಯಾಂಕಿನ ಗ್ಯಾಂಗು ನೋಡಿಕೊಳ್ಳುವವರಾದರೂ ಅವರು ಕಂಪ್ಲಿಯ ಶೈವರ ಮನೆಯವರು. ಸೋಪು ಬೇರೆ ಡಬ್ಬಿಯಲ್ಲಿ ತರುತ್ತಿದ್ದರು, ಮೊಣಕೈವರೆಗೆ ತಿಕ್ಕಿ ತಿಕ್ಕಿ ತೊಳೆಯುತ್ತಿದ್ದರು, ಬುತ್ತಿ ಬಿಚ್ಚಲು ಎಲ್ಲರನ್ನೂ ಬಿಟ್ಟು ದೂರದ ಬೇವಿನ ಮರದಡಿಗೆ ಹೋಗುತ್ತಿದ್ದರು. ಯಾರ ಬಾಟಲಿಯ ನೀರನ್ನೂ ಮುಟ್ಟುತ್ತಿರಲಿಲ್ಲ. ಒಮ್ಮೆ ನನ್ನ ಮಂಡಕ್ಕಿಯಲ್ಲಿ ಒಂದು ಹಿಡಿ ಕೊಡಹೋದೆ. "ಬ್ಯಾಡಪ" ಎಂದು ಕೈ ಹಿಂದಕ್ಕೆಳೆದುಕೊಂಡರು. ಇವರೂ ಅಗಸಿಯ ಒಳಗಿನವರೇ ಎಂದು ಲೆಕ್ಕ ಮುಗಿಸಿದೆ.

ನಾಲ್ಕಾರು ತಿಂಗಳಲ್ಲಿ ನನಗೆ ವಾಸನೆ ಬರುವುದು ನಿಂತಿತು. ನಮ್ಮ ಗ್ಯಾಂಗಿನಲ್ಲಿ ಅದೇ ಗಂಡಸುತನ. ಒಂದು ದಿನ ಪಿಟ್ಟಿನ ಅಂಚಿನಲ್ಲೇ ಕಾಲು ಇಳಿಬಿಟ್ಟು ಮಿರ್ಚಿ ತಿನ್ನುತ್ತಾ ಕುಳಿತಿದ್ದೆ. ಮೇಸ್ತ್ರಿ ಬಂದು ನಿಂತರು.

"ಲೇ, ನಿನಗ ವಾಸನಿ ಬರಂಗಿಲ್ಲೇನು?"

"ಇಲ್ರಿ ಮೇಸ್ತ್ರಿ. ರೂಢಿ ಆಗೇತ್ರಿ."

"ನಗತಿ ಮತ್ತ. ಮೂವತ್ತು ವರ್ಷ ಆತು, ನನಗ ಇನ್ನೂ ಹೊಟ್ಟಿ ತೊಳಸ್ತೈತಿ. ದಿನಾ ಮನಿಗೆ ಹೋಗಿ ಕಾರ್ತೀನಿ." ಅವರು ಮೂಗಿನ ಹತ್ತಿಯನ್ನು ತೆಗೆದು ದೂರ ಎಸೆದರು. "ಹೇಸಿಗಿ ಸತ್ತವನ ಕೈಲೆ ಯಾರ್ ಬೇಕಾದ್ರೂ ಏನ್ ಬೇಕಾದ್ರೂ ಮಾಡಿಸ್ತಾರ. ಎದ್ದು ಕೈ ತೊಳಕಾ ಹೋಗು."

ಮಿರ್ಚಿ ಬಾಯಲ್ಲೇ ಉಳಿಯಿತು. ಹೇಸಿಗೆಯನ್ನು ಜೋಪಾನ ಮಾಡಿಕೊಳ್ಳಬೇಕೆಂದು ನನಗೆ ಹೇಳಿದವರು ಅದುವರೆಗೆ ಯಾರೂ ಇರಲಿಲ್ಲ. ಮನೆಯಲ್ಲಿ ಅವ್ವ ಸಹ ಯಾವ ಕೆಲಸಕ್ಕೂ ಹೇಸಬಾರದು ಎಂದೇ ಬೆಳೆಸಿದ್ದಳು.

ಅದಾಗಿ ಕೆಲವೇ ದಿನಗಳಿಗೆ ಟ್ಯಾಂಕು ಖಾಲಿ ಮಾಡುವ ಗುತ್ತಿಗೆದಾರನ ಹೀರುವ ಪಂಪು ಕೆಟ್ಟಿತು. ಒಂದು ಬೋಗಿಯ ಟ್ಯಾಂಕು ಗಂಟಲವರೆಗೆ ಕಟ್ಟಿಕೊಂಡಿತ್ತು, ಗಾಡಿ ಮಧ್ಯಾಹ್ನ ಹೊರಡಬೇಕು. ಇಂಜಿನಿಯರು ನಮ್ಮಿಬ್ಬರ ಕಡೆ ನೋಡಿದ.

"ನೀವಿಬ್ರು ಇಳೀರಿ. ಮುಚ್ಚಳ ಬಿಚ್ಚಿ ಬಕೆಟ್‌ನ್ಯಾಗ ತಗೀರಿ. ಗ್ಲೌಸ್ ಅದಾವಲ್ಲ. ಜಲ್ದಿ."

ಕೈಯಿಂದ ಮಲ ಬಾಚಿಸುವುದು ಕಾನೂನಿಗೆ ವಿರುದ್ಧ ಎಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಎಲ್ಲರೂ ಬೇರೆಲ್ಲೋ ನೋಡುತ್ತಾ ನಿಂತರು. ದರೋಜಿಯವನು ತಲೆ ಬಗ್ಗಿಸಿ ಗ್ಲೌಸು ಹಾಕಿಕೊಳ್ಳತೊಡಗಿದ. ನಮ್ಮ ತರಬೇತಿಯ ಸರ್ಟಿಫಿಕೇಟಿಗೆ ರುಜು ಹಾಕುವವನು ಅದೇ ಇಂಜಿನಿಯರು. ಅದಿಲ್ಲದೆ ಊರಿಗೆ ಹೋದರೆ ಮತ್ತೆ ಗದ್ದೆಯೇ ಗತಿ. ನಾನು ಬಕೆಟ್ ಎತ್ತಿಕೊಂಡು ಮೆಟ್ಟಿಲು ಇಳಿದೆ.

ಕೆಳಗೆ ಮೇಸ್ತ್ರಿ ಅಡ್ಡ ನಿಂತಿದ್ದರು.

"ಇವತ್ತ ಒಂದ್ಸಲ ಇಳದಿ ಅಂದ್ರ, ನಾಳಿ ನಿನ್ನ ಕೇಳಂಗಿಲ್ಲಪ, ಬರೇ ಕರೀತಾರ" ಎಂದರು. ಬಕೆಟ್ ಕಿತ್ತುಕೊಂಡು ಪಿಟ್ಟಿನ ಆ ತುದಿಗೆ ಎಸೆದರು. ಆಮೇಲೆ ಮೇಲೆ ಹತ್ತಿ, ಜೇಬಿನಿಂದ ಸೀಮೆಸುಣ್ಣ ತೆಗೆದು ಬೋಗಿಯ ಮೈಮೇಲೆ ದೊಡ್ಡದಾಗಿ 'ಸಿಕ್' ಎಂದು ಬರೆದರು. ಬೋಗಿ ಓಡಲು ಲಾಯಕ್ಕಿಲ್ಲ, ಗಾಡಿಯಿಂದ ಬಿಚ್ಚಿ ಬದಿಗಿಡಬೇಕು ಎಂದು ನಮ್ಮಲ್ಲಿ ಅದರ ಅರ್ಥ. ಗಾಲಿ ಸೀಳಿದ್ದಕ್ಕೆ, ಬ್ರೇಕು ಕೆಟ್ಟದ್ದಕ್ಕೆ ಹಾಗೆ ಬರೆಯುತ್ತಾರೆ. ಪಾಯಖಾನೆಗೆ ಬರೆದವರಿಲ್ಲ.

"ಏನ್ರಿ ಇದು? ಕಾರಣ ಏನಂತ ಹೇಳ್ಲಿ ಮ್ಯಾಲಿನವ್ರಿಗೆ?" ಇಂಜಿನಿಯರು ಚಹಾದ ಲೋಟ ಕೆಳಗಿಟ್ಟು ಬಂದ.

"ನಾರ್ತೈತಿ ಅಂತ ಹೇಳ್ರಿ" ಎಂದರು ಮೇಸ್ತ್ರಿ. "ಬೋಗಿ ಅಷ್ಟ ಅಲ್ಲ ಅಂತನೂ ಹೇಳ್ರಿ."

ಗಾಡಿ ತಡವಾಗಿ, ಒಂದು ಬೋಗಿ ಕಡಿಮೆಯಾಗಿ ಹೋಯಿತು. ಪ್ರಯಾಣಿಕರು ನಮ್ಮೆಲ್ಲರ ಅಪ್ಪ ಅಮ್ಮಂದಿರನ್ನು ಬೈದರು. ವಿಚಾರಣೆಯಾದರೆ ನಮ್ಮಿಬ್ಬರ ಬಾಯಿ ಬಿಡಿಸುತ್ತಾರೆಂದು ಇಂಜಿನಿಯರು ಹೆದರಿದ. ಮರುದಿನವೇ ನಮ್ಮನ್ನು ಬ್ರೇಕಿನ ಗ್ಯಾಂಗಿಗೆ ಹಾಕಿದ, ಅದೇ ನಗು ನಗುತ್ತಾ. ಮೇಸ್ತ್ರಿಯನ್ನು ಸಂಡೂರಿನಾಚೆ ಅದಿರಿನ ವ್ಯಾಗನ್ನುಗಳ ಕೆಲಸಕ್ಕೆ ಅಟ್ಟಿದರು. ಕೆಂಪು ಧೂಳು ತಿನ್ನುತ್ತಾ ನಿವೃತ್ತಿಯವರೆಗೂ ಅಲ್ಲೇ ಇದ್ದರು. ಅವರ ಪರವಾಗಿ ಡಿಪೋದಲ್ಲಿ ಒಬ್ಬನೂ ತುಟಿ ಬಿಚ್ಚಲಿಲ್ಲ. ಹೊಲಸು ಪಿಟ್ಟಿನ ಮೇಲೂ ಇರುತ್ತದೆ ಎಂದು ನನಗೆ ಮನದಟ್ಟಾದದ್ದು ಆಗಲೇ.

ಈಗ ನಾನು ಬೇರೊಂದು ಡಿಪೋದಲ್ಲಿ ಬ್ರೇಕಿನ ಕೆಲಸದಲ್ಲಿದ್ದೇನೆ. ಅವ್ವ ಗದ್ದೆಗೆ ಹೋಗುವುದನ್ನು ಬಿಟ್ಟಿದ್ದಾಳೆ. ಮೇಸ್ತ್ರಿಗೆ ಲಕ್ವ ಹೊಡೆದಿದೆ ಎಂದು ತಿಳಿದು ಕಂಪ್ಲಿಗೆ ಹೋದೆ. ಅಕ್ಕಿ ಗಿರಣಿಯ ಹಿಂದಿನ ಮನೆ. ಅವರನ್ನು ಹಿಂಬದಿಯ ಕೋಣೆಯಲ್ಲಿ ಮಲಗಿಸಿದ್ದರು. ಬಾಗಿಲಲ್ಲೇ ವಾಸನೆ ನನ್ನ ಮುಖಕ್ಕೆ ಹೊಡೆಯಿತು. ಹಾಸಿಗೆ ಒದ್ದೆಯಾಗಿ ಎಷ್ಟು ಹೊತ್ತಾಗಿತ್ತೋ, ನೊಣ ಮುತ್ತಿದ್ದವು. ಮಗ ಪಡಸಾಲೆಯಲ್ಲಿ ಕುಳಿತು ಮೊಬೈಲ್ ನೋಡುತ್ತಿದ್ದ. ಹೊಟ್ಟೆ ತೊಳಸಿತು, ಅದಕ್ಕಿಂತ ಹೆಚ್ಚಾಗಿ ಆ ಮಗನ ಮೇಲೆ ಹೇಸಿಕೆ ಬಂತು. ತೋಳು ಮಡಚಿಕೊಂಡು ದುಪ್ಪಟಿ ಎಳೆಯಹೋದೆ.

ಮೇಸ್ತ್ರಿ ಆಡುತ್ತಿದ್ದ ಒಂದೇ ಕೈಯಿಂದ, ಅಂದು ಬಕೆಟ್ ಕಿತ್ತುಕೊಂಡ ಬಿರುಸಿನಲ್ಲೇ, ನನ್ನ ಮುಂಗೈ ಹಿಡಿದರು. ಮಾತು ತೊದಲುತ್ತಿತ್ತು.

"ನೀ ಅಲ್ಲ. ಅವನ್ನ ಕರಿ."

"ನಾನೂ ನಿಮ್ಮ ಮಗ ಇದ್ದಂಗ ಅಲ್ರಿ, ಮೇಸ್ತ್ರಿ."

"ಅದಕ್ಕ ಬ್ಯಾಡ ಅಂದೆ."

ಮಗ ಮೂಗಿಗೆ ಟವೆಲ್ ಸುತ್ತಿಕೊಂಡು ಬರುವವರೆಗೂ ಅವರು ನನ್ನ ಮುಂಗೈ ಬಿಡಲಿಲ್ಲ. ವಾರ ತುಂಬುವುದರೊಳಗೆ ತೀರಿಕೊಂಡರು. ಅವರ ಋಣಕ್ಕೆ ಪ್ರತಿಯಾಗಿ ನನ್ನಿಂದ ಆಗುತ್ತಿದ್ದ ಕೆಲಸ ಅದೊಂದೇ ಇತ್ತು. ಅದನ್ನೂ ಅವರು ನನಗೆ ಮಾಡಗೊಡಲಿಲ್ಲ.