ಬೂದಿಯಿಂದ ಉಜ್ಜಿದ ಬಿಳಿ ಕಿಟಕಿ

ಅಕ್ಕನ ಬಲಗೈ ಹೆಬ್ಬೆರಳಿನ ಉಗುರಿನಡಿಯಲ್ಲಿ ಯಾವಾಗಲೂ ಪಾಚಿಯ ಒಂದು ಹಸಿರು ಗೆರೆ ಇರುತ್ತಿತ್ತು. ಮೀನು ಹೆಚ್ಚಿದರೂ ಬಟ್ಟೆ ಒಗೆದರೂ ಅದು ಹೋಗುತ್ತಿರಲಿಲ್ಲ. ಎಂಬತ್ತರ ದಶಕದ ಆರಂಭದಲ್ಲಿ ನಾನು ಅಜೆಕಾರಿನಿಂದ ಕಾಪುವಿನ ಶಾಲೆಗೆ ವಿಜ್ಞಾನದ ಟೀಚರಾಗಿ ಬಂದಾಗ, ತನ್ನ ಬ್ಯಾರಿ ಮುಸ್ಲಿಂ ಮನೆಯ ಹಿಂಬದಿಯ ಕೋಣೆಯನ್ನು ನನಗೆ ಬಾಡಿಗೆಗೆ ಕೊಟ್ಟವಳು ಅವಳು; ನಾನು ಅಕ್ಕ ಎಂದೇ ಕರೆಯುತ್ತಿದ್ದೆ. ಮದುವೆಯಾಗದ ಒಂಟಿ ಹೆಂಗಸಾದ ನನಗೆ ಅದುವರೆಗೆ ಯಾರೂ ಕೋಣೆ ಕೊಟ್ಟಿರಲಿಲ್ಲ.

ಅವಳ ಗಂಡ ಗಲ್ಫಿನಲ್ಲಿದ್ದರು. ಕಿಟಕಿಗಳಿಗೆ ಅವರು ಹಡಗಿನಲ್ಲಿ ಕಳಿಸಿದ ಬಿಳಿ ಪ್ಲಾಸ್ಟಿಕ್ ಚೌಕಟ್ಟು, ಹಂಚಿನ ಮಾಡಿನ ಮಳೆನೀರು ಹರಿಯಲು ಬಿಳಿ ಪ್ಲಾಸ್ಟಿಕಿನದೇ ದಂಬೆ. ಉಳಿದವರ ಮನೆಯ ದಂಬೆಯೆಲ್ಲ ಅಡಿಕೆ ಮರದ್ದೋ ತಗಡಿನದೋ ಆಗಿದ್ದ ಕಾಲ. ಜನ ನೋಡಲು ಬರುತ್ತಿದ್ದರು. ಬಂದವರು ಮುಟ್ಟಿದ ಜಾಗವನ್ನು ಅಕ್ಕ ಅವರು ಗೇಟು ದಾಟುವ ಮೊದಲೇ ಸೆರಗಿನಿಂದ ಒರೆಸುತ್ತಿದ್ದಳು. “ಬಿಳಿ ಅಂದ್ರೆ ಸಣ್ಣ ಮಗುವಿನ ಹಾಗೆ ಟೀಚರ್, ಕಣ್ಣು ತೆಗೀಲಿಕ್ಕೆ ಇಲ್ಲ” ಎನ್ನುತ್ತಿದ್ದಳು.

ಅವಳಿಗೆ ಓದು ಬರಹ ಬರುತ್ತಿರಲಿಲ್ಲ. ಗಂಡನ ಕಾಗದ ಓದುವವಳೂ ಉತ್ತರ ಬರೆಯುವವಳೂ ನಾನೇ. ಪ್ರತಿ ಕಾಗದದಲ್ಲೂ ಒಂದು ಸಾಲು ತಪ್ಪುತ್ತಿರಲಿಲ್ಲ: ಕಿಟಕಿ ಬಿಳಿ ಉಂಟಲ್ಲ? ನಿಜವಾಗಿ ಮೂರು ಮಳೆಗಾಲಕ್ಕೆ ದಂಬೆ ಹಸಿರಾಗಿತ್ತು, ಚೌಕಟ್ಟಿಗೆ ಕೆಂಪು ಮಣ್ಣು ಸಿಡಿದು ಕಲೆ ಕೂತಿತ್ತು. “ಬಿಳಿ ಉಂಟು ಅಂತ ಬರೀರಿ ಟೀಚರ್” ಎನ್ನುವಾಗ ಅವಳ ಸ್ವರ ಇಳಿಯುತ್ತಿತ್ತು. ನಾನು ಬರೆಯುತ್ತಿದ್ದೆ.

ಮಳೆ ಕಡಿಮೆಯಾದ ತಿಂಗಳಲ್ಲಿ ಕಾಗದ ಬಂತು, ಎಂಟು ದಿನದಲ್ಲಿ ಬರುತ್ತೇನೆಂದು. ಅಕ್ಕನಿಗೆ ಅನ್ನ ಸೇರಲಿಲ್ಲ. “ಎಂತ ಮಾಡುದು ಟೀಚರ್? ಅವರು ಮೊದಲು ನೋಡುದೇ ಕಿಟಕಿಯನ್ನು.” ಆ ಸುಳ್ಳೆಲ್ಲ ನನ್ನ ಅಕ್ಷರದಲ್ಲೇ ಇತ್ತಲ್ಲ. ನಮ್ಮಲ್ಲಿ ಹಿತ್ತಾಳೆ ಪಾತ್ರೆ ಬೆಳಗುವ ಹಾಗೆ ತೆಂಗಿನ ನಾರು, ಒಲೆಯ ಬೂದಿ, ಸ್ವಲ್ಪ ಹೊಯಿಗೆ ಮರಳು ಹಾಕಿ ಉಜ್ಜೋಣ ಎಂದೆ.

“ಗೀರು ಬೀಳ್ಲಿಕ್ಕಿಲ್ಲ ಅಲ್ವಾ?” ಎಂದು ಅಕ್ಕ ಹಿಂಜರಿದಳು.

“ಎಂತ ಆಗುದಿಲ್ಲ” ಎಂದೆ, ವಿಜ್ಞಾನ ಕಲಿಸುವವಳ ಧಿಮಾಕಿನಲ್ಲಿ.

ಎರಡು ದಿನ ಏಣಿ ಹತ್ತಿ ಇಳಿದು ಇಬ್ಬರೂ ಉಜ್ಜಿದೆವು. ಹಾಲಿನ ಹಾಗೆ ಬೆಳ್ಳಗಾಯಿತು. ಮೂರನೆಯ ದಿನ ಮಧ್ಯಾಹ್ನ ಒಂದು ಮಳೆ ಹೊಡೆಯಿತು. ನಾವು ಎಳೆದ ಸಾವಿರ ಗೀರುಗಳೊಳಗೆ ಕೆಂಪು ನೀರು ಇಳಿದು ಕೂತಿತು. ಈ ಸಲದ್ದು ಒರೆಸಿದರೆ ಹೋಗುವ ಕೊಳಕಲ್ಲ.

ಯಜಮಾನರು ಬಂದರು. ಕೈಯ ಚೀಲ ಇಳಿಸದೆಯೇ ಚೌಕಟ್ಟಿನ ಮೇಲೆ ಬೆರಳಾಡಿಸಿದರು. “ಇದನ್ನು ಹೀಗೆ ಉಜ್ಜಿದ್ದು ಯಾರು?”

ನಾನು ಅಂಗಳದಲ್ಲಿದ್ದೆ. ಹೇಳಬೇಕೆಂದೇ ಬಂದಿದ್ದೆ. ಕೋಣೆ ಬಿಡಿ ಎಂದರೆ ಎಲ್ಲಿಗೆ ಹೋಗಲಿ ಎಂಬ ಹೆದರಿಕೆಗೆ ನಾಲಗೆ ಏಳಲಿಲ್ಲ. ಅಕ್ಕ ಒಮ್ಮೆ ನನ್ನ ಮುಖ ನೋಡಿದಳು.

“ನಾನೇ. ಟೀಚರ್ ಬೇಡ ಅಂತ ಹೇಳಿದ್ರು. ನಾನು ಕೇಳ್ಲಿಲ್ಲ.”

ರಜೆ ಮುಗಿಯುವವರೆಗೂ ಅವರು ಅವಳೊಂದಿಗೆ ಸರಿಯಾಗಿ ಮಾತಾಡಲಿಲ್ಲ. ಹೊರಡುವಾಗ ನನಗೆ, “ನೀವಾದ್ರೂ ಇವಳಿಗೆ ಸ್ವಲ್ಪ ಬುದ್ಧಿ ಹೇಳಿ” ಎಂದರು. ಆಮೇಲಿನ ಕಾಗದಗಳಲ್ಲೆಲ್ಲ ಹೊಸ ಸಾಲು: ಟೀಚರ್ ಹೇಳಿದ ಹಾಗೆ ಕೇಳು. ಅದನ್ನು ಅವಳಿಗೆ ನಾನೇ ಓದಿ ಹೇಳಬೇಕಿತ್ತು. ಅಕ್ಕ ತಲೆವಸ್ತ್ರದ ತುದಿಯನ್ನು ಬಾಯಿಗೆ ಅಡ್ಡ ಹಿಡಿದು ನಗುತ್ತಿದ್ದಳು. ನನಗೆ ಭೂಮಿ ಬಾಯಿ ಬಿಡಬಾರದೇ ಅನಿಸುತ್ತಿತ್ತು. ಗೀರು ಬಿದ್ದ ದಂಬೆಗೆ ಪಾಚಿ ಬೇಗ ಹಿಡಿಯುತ್ತಿದ್ದುದರಿಂದ ಅವಳು ಸಾಬೂನು ನೀರು, ಮೆತ್ತನೆಯ ಬಟ್ಟೆ ಹಿಡಿದು ವಾರವಾರ ಏಣಿ ಹತ್ತುತ್ತಿದ್ದಳು. ಕೆಳಗೆ ನಿಂತ ನಾನು ಕ್ಷಮೆ ಕೇಳಲು ಬಾಯಿ ತೆರೆದಾಗಲೆಲ್ಲ, “ಬಿಡಿ ಮಾರಾಯ್ರೆ, ಏಣಿ ಗಟ್ಟಿ ಹಿಡೀರಿ” ಎನ್ನುತ್ತಿದ್ದಳು.

ಆರು ವರ್ಷದ ಮೇಲೆ ಜ್ವರ ತಲೆಗೇರಿ ಅಕ್ಕ ತೀರಿಕೊಂಡಳು. ಯಜಮಾನರು ಕೆಲಸ ಬಿಟ್ಟು ಊರಿಗೆ ಬಂದರು. ಒಂದು ಸಂಜೆ ಜಗಲಿಯಲ್ಲಿ ಕೂತು, “ಹಠ ಸ್ವಲ್ಪ ಜಾಸ್ತಿ ಅವಳಿಗೆ. ಆವತ್ತು ನಿಮ್ಮ ಮಾತು ಒಂದು ಕೇಳಿದ್ದಿದ್ರೆ...” ಎಂದರು.

“ಕೇಳಿದ್ದಳು” ಎಂದೆ. “ನಾನು ಹೇಳಿದ ಹಾಗೆಯೇ ಉಜ್ಜಿದ್ದಳು.”

ಅಷ್ಟು ಹೇಳಲು ನನಗೆ ಆರು ವರ್ಷ ಬೇಕಾಯಿತು. ಅದರಿಂದ ಅವಳಿಗೆ ಆಗಬೇಕಾದ್ದು ಏನೂ ಉಳಿದಿರಲಿಲ್ಲ.