ಸತ್ತವನು ಎಷ್ಟು ಸಲ ಏಳಬಹುದು

ತುಮಕೂರಿನ ಉಪ್ಪಾರಹಳ್ಳಿಯಲ್ಲಿ ನನ್ನದೊಂದು ಕನ್ನಡಕದ ಅಂಗಡಿ. ಅದರ ಮೇಲಿನ ಕೋಣೆಯಲ್ಲಿ, ನಲವತ್ತು ದಾಟಿದ ನಾವು ನಾಲ್ವರು ಗಂಡಸರು ಪ್ರತಿ ಭಾನುವಾರ ಮಧ್ಯಾಹ್ನ ಜಗತ್ತನ್ನು ಉಳಿಸುತ್ತೇವೆ. ಇದನ್ನು ಹೇಳಿಕೊಳ್ಳಲು ಮೊದಮೊದಲು ನಾಚಿಕೆಯಾಗುತ್ತಿತ್ತು. ಇಸ್ಪೀಟು ಆಡುವವರಿಗೇ ಇಲ್ಲದ ನಾಚಿಕೆ ನನಗೇಕೆ ಎಂದು ಆಮೇಲೆ ಬಿಟ್ಟುಬಿಟ್ಟೆ.

ಆಟ ಸರಳ. ಒಬ್ಬ ಕಥೆ ನಡೆಸಬೇಕು, ಅದು ನಾನು. ಉಳಿದ ಮೂವರು ತಲಾ ಒಬ್ಬ ಸೂಪರ್‌ಹೀರೋ. ಹಾರುತ್ತೇನೆ, ಹೊಡೆಯುತ್ತೇನೆ ಎಂದು ಬಾಯಲ್ಲಿ ಹೇಳುವುದು, ಆಗುತ್ತದೋ ಇಲ್ಲವೋ ಎಂಬ ಅನುಮಾನ ಬಂದರೆ ದಾಳ ಹಾಕುವುದು. ಎಲ್ಲರೂ ಒಂದೇ ಹದದಲ್ಲಿ ಆಡಬೇಕು, ನಗುವ ಕಥೆಯೋ ಅಳುವ ಕಥೆಯೋ ಎಂದು ಮೊದಲೇ ಒಪ್ಪಿಕೊಳ್ಳಬೇಕು ಅಂತ ನಿಯಮದ ಪುಸ್ತಕದಲ್ಲಿ ಒಂದು ಅಧ್ಯಾಯವೇ ಇತ್ತು. ಅದನ್ನು ನಾವ್ಯಾರೂ ಓದಲಿಲ್ಲ.

ವಸಂತನರಸಾಪುರದ ಫ್ಯಾಕ್ಟರಿಯಲ್ಲಿ ಸೇಫ್ಟಿ ಸೂಪರ್‌ವೈಸರ್ ಆಗಿರುವ ಗೆಳೆಯನ ಹೀರೋ ಓಡುವ ರೈಲನ್ನು ಒಂದೇ ಕೈಯಲ್ಲಿ ನಿಲ್ಲಿಸಬಲ್ಲ. ಆದರೆ ಅದಕ್ಕೆ ಮುಂಚೆ ಹೆಲ್ಮೆಟ್ಟು, ಗ್ಲೌಸು ಹಾಕಿಕೊಳ್ಳುತ್ತಾನೆ. ಹೊಡೆದಾಟ ಮುಗಿದ ಮೇಲೆ ಅಪಘಾತದ ವರದಿ ಬರೆದು ಖಳನಾಯಕನ ಕೈಯಲ್ಲೇ ಸಹಿ ಹಾಕಿಸುತ್ತಾನೆ. ಗುಬ್ಬಿಯ ಗೆಳೆಯ ಹೈಸ್ಕೂಲು ಮೇಷ್ಟ್ರು, ಸುತ್ತಲ ಊರುಗಳ ಪೌರಾಣಿಕ ನಾಟಕಗಳಲ್ಲಿ ಗದೆ ಹಿಡಿಯುವವನು. ಅವನ ಹೀರೋ ಹಾಡುತ್ತಿರುವಷ್ಟು ಹೊತ್ತು ಮಾತ್ರ ಹಾರುತ್ತಾನೆ. ಉಸಿರು ಮುಗಿದರೆ ಬೀಳುತ್ತಾನೆ.

ಕುಣಿಗಲ್ ಕಡೆಯವನೇ ಬೇರೆ. ಹುತ್ರಿದುರ್ಗ ಬೆಟ್ಟದ ಬುಡದಲ್ಲಿ ರೇಷ್ಮೆ ಸಾಕುವ ಅವನು ಹತ್ತು ಮಾತಿಗೆ ಒಂದು ಆಡುವ ಆಸಾಮಿ. ಅವನ ಹೀರೋಗೆ ಮೈಯನ್ನು ಬಂಡೆ ಮಾಡಿಕೊಳ್ಳುವ ಶಕ್ತಿ. ಹಾಗೆ ಬಂಡೆಯಾದಾಗಲೆಲ್ಲ ಒಂದೊಂದು ನೆನಪು ಹೋಗುತ್ತದೆ. ಮೊದಲು ಸಂತೆಯ ದಾರಿ ಹೋಯಿತು, ಆಮೇಲೆ ಎಮ್ಮೆಯ ಹೆಸರು, ಆಮೇಲೆ ಸೊಸೆಯ ಹೆಸರು. ಎಲ್ಲವನ್ನೂ ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಮುತ್ತಿನಂಥ ಅಕ್ಷರದಲ್ಲಿ ಬರೆದಿಡುತ್ತಿದ್ದ. ಸೂಪರ್‌ಹೀರೋಗೆ ಎಮ್ಮೆ ಯಾಕೆ ಎಂದು ನಾವು ಗೇಲಿ ಮಾಡುತ್ತಿದ್ದೆವು.

ಹೀಗಿರುವಾಗ ಒಂದು ಭಾನುವಾರ ಗುಬ್ಬಿಯವನ ಹೀರೋ ರೈಲ್ವೆ ಗೇಟಿನ ಮೇಲೆ ಹಾರುತ್ತಿದ್ದಾಗ ದಾಳ ಕೈಕೊಟ್ಟಿತು. ಉಸಿರು ಮುಗಿದು ಬಿದ್ದ, ಸತ್ತ. ಗುಬ್ಬಿಯವನು ಚಾಪೆಯ ಮೇಲೆ ಅಡ್ಡಬಿದ್ದು, ಎದೆಯ ಮೇಲೆ ಕೈಯಿಟ್ಟು, ಸಾಯುವ ಹಾಡು ಶುರುಮಾಡಿದ. ಚೆನ್ನಾಗಿಯೇ ಹಾಡಿದ. ಮುಗಿದದ್ದೇ ತಡ, ಫ್ಯಾಕ್ಟರಿಯವನು ಅಭ್ಯಾಸಬಲದಿಂದ "ಒನ್ಸ್ ಮೋರ್" ಅಂದುಬಿಟ್ಟ.

ನಮ್ಮ ಕಡೆ ನಾಟಕ ನೋಡಿದವರಿಗೆ ಇದು ಗೊತ್ತು. ಹಾಡು ಹಿಡಿಸಿದರೆ ಜನ ಒನ್ಸ್ ಮೋರ್ ಕೂಗುತ್ತಾರೆ. ಆಗ ಸತ್ತವನು ಎದ್ದು, ಕಿರೀಟ ಸರಿಮಾಡಿಕೊಂಡು, ಇನ್ನೊಂದು ಸಲ ಹಾಡಿ ಇನ್ನೊಂದು ಸಲ ಸಾಯಬೇಕು. ಗುಬ್ಬಿಯವನು ಅಂದು ಮೂರು ಸಲ ಎದ್ದ, ಮೂರು ಸಲ ಸತ್ತ. ಕುಣಿಗಲ್‌ನವನು ನನ್ನ ಕಡೆ ತಿರುಗಿದ.

"ಈಗ ಇವ್ನು ಸತ್ತವ್ನೋ, ಬದುಕವ್ನೋ?"

ನನಗೂ ನಗು ತಡೆಯಲಾಗಿರಲಿಲ್ಲ. "ಎದ್ನಲ್ಲ, ಬದುಕಿದಾನೆ ಬುಡು" ಎಂದೆ. ಕಥೆ ನಡೆಸುವವನ ಮಾತೇ ಕೊನೆಯ ಮಾತು. ಕುಣಿಗಲ್‌ನವನು ನೋಟ್‌ಬುಕ್ ಮುಚ್ಚಿ, ಟೀ ಕೂಡ ಕುಡಿಯದೆ ಮೆಟ್ಟಿಲಿಳಿದ.

ಮುಂದಿನ ಎರಡು ಭಾನುವಾರ ಬರಲಿಲ್ಲ. ಕೋಣೆ ಬಣಬಣ ಎನ್ನುತ್ತಿತ್ತು. ಪಿಯು ಕಾಲೇಜಿನ ಒಂದೇ ಬೆಂಚಿನಿಂದ ಬಂದ ಸ್ನೇಹ, ಹೀಗೆ ಮುಗಿಯುತ್ತದಾ ಎಂದು ನನಗೆ ನಿಜಕ್ಕೂ ಭಯವಾಯಿತು. ಫೋನ್ ಮಾಡಿದೆ. ಅವನು ಹೇಳಿದ.

"ಆ ಹೀರೋ ಮರೀತಾ ಇರೋದೆಲ್ಲ ನಮ್ಮವ್ವ ಮರೆತಿದ್ದು ಕಣೋ. ಅದೇ ವರಸೇಲಿ ಬರ್ದಿದೀನಿ. ಕೊನೆಗೆ ನನ್ನ ನೋಡಿ, ಯಾರಪ್ಪ ನೀನು, ಕರೆಂಟ್ ಬಿಲ್ ಕೊಡಕ್ಕೆ ಬಂದ್ಯಾ ಅಂದ್ಲು. ಮನೇಲೆಲ್ಲ ನಕ್ರು. ನಾನೂ ನಕ್ಕೆ."

ಅವರವ್ವ ಹೋಗಿ ಎರಡು ವರ್ಷವಾಗಿತ್ತು. ಮಣ್ಣಿಗೆ ಹೋಗಿದ್ದ ನನಗೂ ಇದು ಗೊತ್ತಿರಲಿಲ್ಲ.

"ಬರೋ ಭಾನುವಾರ ಕೆರೆ ಏರಿ ಒಡೀಬೇಕು. ನನ್ನೋನು ಅಡ್ಡ ನಿಂತು ಪೂರ್ತಿ ಕಲ್ಲಾಗ್ತಾನೆ. ಅವಾಗ ಒಬ್ಬ ನಕ್ರೂ ನಾನು ನಿನ್ ಮೆಟ್ಲು ಹತ್ತಲ್ಲ. ಅವ್ವನ ವಿಷ್ಯ ಆ ಇಬ್ರಿಗೂ ಹೇಳ್ಬೇಡ."

ಕಾರಣ ಹೇಳದೆ ಇಬ್ಬರು ಗಂಡಸರ ನಗು ನಿಲ್ಲಿಸುವುದು ಎಷ್ಟು ಕಷ್ಟ ಎಂದು ಆ ವಾರ ಕಲಿತೆ. ಈ ಭಾನುವಾರ ಯಾರೂ ನಗಬಾರದು ಎಂದು ಫೋನಿನಲ್ಲೇ ಹೇಳಿ ಇಬ್ಬರನ್ನೂ ಅಂಗಡಿಗೆ ಕರೆಸಿದೆ. ಫ್ಯಾಕ್ಟರಿಯವನು ಒಂದು ಫಾರಂ ತಯಾರಿಸಿಕೊಂಡೇ ಬಂದ: ನಗು, ಮುಗುಳ್ನಗು, ಕೆಮ್ಮಿನಂತೆ ಕಾಣುವ ನಗು, ಒಂದೊಂದಕ್ಕೂ ಅನುಮತಿ ಇದೆಯೋ ಇಲ್ಲವೋ ಎಂದು ಟಿಕ್ ಹಾಕಬೇಕು. ಗುಬ್ಬಿಯವನಿಗೆ ಸಿಟ್ಟು ಬಂತು.

"ಒನ್ಸ್ ಮೋರ್ ಅನ್ನೋದು ಗೇಲಿ ಅಲ್ಲ ಕಣ್ಲಾ, ಮರ್ಯಾದೆ. ಹಿಡಿಸ್ದಿರೋ ಸಾವನ್ನ ಯಾವನು ಎರಡ್ನೇ ಸಲ ಕೇಳ್ತಾನೆ?"

"ನಿಂದು ಮರ್ಯಾದೆನೇ ಇರ್ಲಿ. ಈ ಭಾನುವಾರ ಒಂದಿನ ಬಾಯ್ಮುಚ್ಕೊಂಡಿರು" ಎಂದೆ.

ಕೊನೆಗೆ ಅಂಗಡಿಯದೇ ಒಂದು ಕೆಂಪು ಕನ್ನಡಕದ ಡಬ್ಬಿ ತೆಗೆದೆ. ಇದು ಮೇಜಿನ ಮೇಲಿರುವಷ್ಟು ಹೊತ್ತು ಯಾರೂ ನಗಬಾರದು, ಒನ್ಸ್ ಮೋರ್ ಅನ್ನಬಾರದು. ಇಬ್ಬರೂ ಒಪ್ಪಿದರು. ಫ್ಯಾಕ್ಟರಿಯವನು ಡಬ್ಬಿಯೊಳಗೆ ಒಪ್ಪಂದದ ಚೀಟಿಯನ್ನೂ ಹಾಕಿದ.

ಭಾನುವಾರ ಕುಣಿಗಲ್‌ನವನು ಬಂದ. ಡಬ್ಬಿ ಮೇಜಿನ ನಡುವೆ ಕೂತಿತು. ನಾನು ಕೆರೆ ಏರಿ ಒಡೆಸಿದೆ. ಅವನು ನೋಟ್‌ಬುಕ್ ತೆರೆದು, ತಗ್ಗಿದ ದನಿಯಲ್ಲಿ, ನೀರು ಮೊಣಕಾಲಿಗೆ ಬಂತು, ಸೊಂಟಕ್ಕೆ ಬಂತು, ಎದೆಗೆ ಬಂತು ಎಂದು ಓದುತ್ತಾ ಹೋದ. ಒಂದೊಂದು ಗೇಣಿಗೆ ಒಂದೊಂದು ನೆನಪು ಹೋಯಿತು. ಕೊನೆಯ ಸಾಲು ಮಗನ ಹೆಸರಿನದು. ಅದೂ ಹೋಯಿತು. ಕಲ್ಲಾದ.

ಗುಬ್ಬಿಯವನು ಟವೆಲ್ಲು ಕಚ್ಚಿಕೊಂಡಿದ್ದ. ಫ್ಯಾಕ್ಟರಿಯವನು ಎದ್ದು ನಿಂತು, ಕಾರ್ಮಿಕರ ಶೋಕಸಭೆಯಲ್ಲಿ ಮಾಡುವಂತೆ ವಾಚು ನೋಡಿಕೊಂಡು ಎರಡು ನಿಮಿಷ ಮೌನ ಆಚರಿಸಿದ. ಕೆಳಗೆ ಅಂಗಡಿಯ ಹಿಂದಿನ ಮನೆಯಿಂದ ನಮ್ಮ ತಾಯಿ, ಅಮ್ಮಿ, "ಏನ್ ಬಾಬಾ, ಎಲ್ಲಾ ಹೊರಟೋದ್ರಾ? ಸದ್ದೇ ಇಲ್ಲ?" ಎಂದು ಕೂಗಿದರು. ಅದಕ್ಕೂ ನಾವು ನಗಲಿಲ್ಲ. ಒಪ್ಪಂದ ಅಂದರೆ ಒಪ್ಪಂದ.

ಕುಣಿಗಲ್‌ನವನು ತಲೆಯೆತ್ತಿದ. ಒಬ್ಬೊಬ್ಬರ ಮುಖವನ್ನೂ ನೋಡಿದ. ಕೊನೆಗೆ ಗುಬ್ಬಿಯವನ ಹತ್ತಿರ ಅವನ ಕಣ್ಣು ನಿಂತಿತು.

"ಯಾಕ್ಲಾ, ಹಿಡಿಸ್ಲಿಲ್ವಾ?"

ಗುಬ್ಬಿಯವನು ಡಬ್ಬಿಯ ಕಡೆ ಕೈ ತೋರಿಸಿದ. ಕುಣಿಗಲ್‌ನವನು ಡಬ್ಬಿ ಎತ್ತಿ ತನ್ನ ಜೇಬಿಗೆ ಹಾಕಿಕೊಂಡು ಕಾದ. ಗದೆ ಹಿಡಿದು ಬಯಲೆಲ್ಲ ಕೇಳುವಂತೆ ಹಾಡುವ ಗುಬ್ಬಿಯವನು ಬಾಯಿ ತೆರೆದ, ದನಿ ಬರಲಿಲ್ಲ. ಕಥೆ ನಡೆಸುವವನು ನಾನಾದ್ದರಿಂದ ನಾನೇ ಅಂದೆ, "ಒನ್ಸ್ ಮೋರ್."

ಕುಣಿಗಲ್‌ನವನು ಪುಟಗಳನ್ನು ಹಿಂದಕ್ಕೆ ತಿರುವಿದ.

"ನೀರು ಇನ್ನೂ ಮೊಣಕಾಲ್ ಗಂಟ ಐತೆ," ಎಂದ. "ಎಲ್ಲಾ ಗ್ಯಾಪಕ ಐತೆ."