ಮುತ್ತುರಾಜರಿಗೆ ಕೊಡಬೇಕಾಗಿದ್ದ ಉತ್ತರ

ನನ್ನ ಗೆಳೆಯ ಸತ್ಯಮಿತ್ರಪ್ಪನವರು ಗುಳೇದಗುಡ್ಡದವರು. ತಂದೆ ಕುಪ್ಪಸದ ಖಣ ನೇಯುತ್ತಿದ್ದರು. ಮಗ್ಗದಲ್ಲಿ ಕುಳಿತೇ ಮಗನಿಂದ ಬೈಬಲ್ಲಿನ ವಾಕ್ಯಗಳನ್ನು ಬಾಯಿಪಾಠ ಹೇಳಿಸುತ್ತಿದ್ದರಂತೆ. ಜರ್ಮನ್ ಮಿಶನ್ನಿನ ಕಾಲದಿಂದಲೂ ಆ ಮನೆತನ ಲೂಥರನ್ ಪದ್ಧತಿಯದು. ಸತ್ಯಮಿತ್ರಪ್ಪನವರು ಓದಿ ಪಾಸ್ಟರ್ ಆದರು, ಕೆಲವು ವರ್ಷ ದೈವಶಾಸ್ತ್ರ ಕಲಿಸಿದರು, ನಿವೃತ್ತರಾಗಿ ಊರಿಗೆ ಮರಳಿದರು. ಎತ್ತರದ ಆಳು, ಮೆಲುದನಿ, ಚಹಾಕ್ಕೆ ಬೆಲ್ಲವೇ ಆಗಬೇಕು. ವಾದಕ್ಕೆ ನಿಂತರೆ ಮಾತ್ರ ಎದುರಿಗಿದ್ದವರು ಬೆವರುತ್ತಿದ್ದರು.

ಅವರಿಗೆ ತಕ್ಕ ಜೋಡಿ ಬಾಗಲಕೋಟೆಯ ಮುತ್ತುರಾಜರು. ಆ ಮನೆತನ ಆಂಗ್ಲಿಕನ್ ಪದ್ಧತಿಯದು. ಎರಡೂ ಕಡೆಯ ಚರ್ಚುಗಳು ಎಂದೋ ಒಂದಾಗಿದ್ದವು, ಪಂಡಿತರ ವಾದ ಮಾತ್ರ ಮುಗಿದಿರಲಿಲ್ಲ. ಅದಕ್ಕೆಂದೇ ಇವರಿಬ್ಬರೂ ಕೂಡಿ ಒಂದು ಅಭ್ಯಾಸ ಸಂಘ ಕಟ್ಟಿದರು. ಇಬ್ಬರೂ ಅಧ್ಯಕ್ಷರು, ಇಬ್ಬರಿಗೂ ಒಂದೇ ಎತ್ತರದ ಕುರ್ಚಿ. ಹಳೇ ಬಾಗಲಕೋಟೆಯ ಒಂದು ಸಭಾಂಗಣದಲ್ಲಿ ಸಭೆ ಸೇರುತ್ತಿತ್ತು. ನಾನು ಬೇರೆ ಧರ್ಮದವನಾದರೂ ಹಿಂದಿನ ಬೆಂಚಿನಲ್ಲಿ ಕುಳಿತು ಕೇಳಲು ಯಾರ ಅಡ್ಡಿಯೂ ಇರಲಿಲ್ಲ.

ಆ ಸಂಘಕ್ಕೆ ಒಂದು ವಿಚಿತ್ರ ನಿಯಮವಿತ್ತು. ಒಬ್ಬರ ಮಾತನ್ನು ಖಂಡಿಸಬೇಕಾದರೆ, ಮೊದಲು ಆ ಮಾತನ್ನು ಅವರಿಗಿಂತ ಚೆನ್ನಾಗಿ ತಾನೇ ಹೇಳಿ ತೋರಿಸಬೇಕು. ಅದನ್ನು ಕೇಳಿ ಅವರೇ “ಹೌದು, ಇದ ನನ್ನ ಮಾತು” ಎನ್ನಬೇಕು. ಆಮೇಲೆಯೇ ಖಂಡನೆ. ಮುತ್ತುರಾಜರು ಸುಲಭವಾಗಿ ಹೌದೆನ್ನುವವರಲ್ಲ. “ಲೇ ಸತ್ಯಾ, ನನ್ನ ಮಾತಿಗಿ ನಿನ್ನ ಅಂಗಿ ತೊಡಸಬ್ಯಾಡ, ಮತ್ತೊಮ್ಮಿ ಹೇಳು” ಎಂದು ಕಾಡುತ್ತಿದ್ದರು.

ಅವರು ಕೊನೆಯದಾಗಿ ಮಂಡಿಸಿದ ವಿಷಯ, ಸತ್ತವರಿಗಾಗಿ ಪ್ರಾರ್ಥನೆ. ಮಾಡಬೇಕು ಎಂಬುದು ಅವರ ಪಕ್ಷ. ಕೂಡದು ಎಂಬುದು ಸತ್ಯಮಿತ್ರಪ್ಪನವರ ಆಯುಷ್ಯದ ನಂಬಿಕೆ. ಉತ್ತರ ಮುಂದಿನ ಸಭೆಗೆ ಎಂದು ನಿಶ್ಚಯವಾಯಿತು. ಅಷ್ಟರಲ್ಲಿ ಮುತ್ತುರಾಜರು ದವಾಖಾನೆ ಸೇರಿ ತೀರಿಕೊಂಡರು.

ಮುಂದಿನ ಸಭೆಗೆ ಕೆಲವು ದಿನ ಮೊದಲು ಅವರ ಹೆಂಡತಿ ಸುಧಾರಾಣಿಯವರು ಗುಳೇದಗುಡ್ಡಕ್ಕೆ, ಸತ್ಯಮಿತ್ರಪ್ಪನವರ ಮನೆಗೆ ಬಂದರು. ನಾನೂ ಅಲ್ಲಿಯೇ ಇದ್ದೆ. ಆಕೆಯ ಕಣ್ಣ ಕೆಳಗೆ ಕಪ್ಪು ಕಟ್ಟಿತ್ತು.

“ಅಣ್ಣಾ, ಅವ್ರು ಇನ್ನೂ ಮನ್ಯಾಗ ಅದಾರ” ಎಂದರು. “ಅವ್ರ ಕುರ್ಚಿ ಗ್ವಾಡಿ ಕಡೆ ಮಾರಿ ಮಾಡಿ ಇಡ್ತೇನಿ. ಹೊಳ್ಳಿ ನೋಡೂದ್ರಾಗ ಬಾಗಲ ಕಡೆ ತಿರುಗಿರತೈತಿ. ಹೊಂಟು ಕುಂತಾರ, ಹೋಗವಲ್ರು. ನೀವು ಗೋರಿ ಹತ್ರ ಒಂದ್ ಪ್ರಾರ್ಥನಿ ಮಾಡಿ ಕಳಸ್ರಿ.”

“ವೈನಿ, ಅವ ದೇವರ ಕೈಯಾಗ ಅದಾನ. ನಮ್ಮ ಮಾತು ಅಲ್ಲಿತನಕ ಮುಟ್ಟೂದಿಲ್ಲ. ಬ್ಯಾರೆ ಪಾಸ್ಟರ್‌ಗೆ ಕೇಳ್ರಿ, ಯಾರರೆ ಮಾಡ್ತಾರ.”

“ಬ್ಯಾರೇದವ್ರ ಮಾತು ಅವ್ರು ಎಂದ್ ಕೇಳ್ಯಾರ? ಆಯುಷ್ಯಾನ ಜಗಳಾಡಿದವ್ರು ನೀವು. ನೀವು ಕಳಿಸಿದ್ರ ಹೋಗ್ತಾರ.”

ಸತ್ಯಮಿತ್ರಪ್ಪನವರು ಇಕ್ಕಟ್ಟಿಗೆ ಸಿಕ್ಕರು. ನಂಬದ ಪ್ರಾರ್ಥನೆಯನ್ನು ಬಾಯಿಂದ ಮಾಡಿದರೆ ಅದು ದೇವರೆದುರಿಗೆ ಸುಳ್ಳು. ಮಾಡದಿದ್ದರೆ ಈ ತಾಯಿಗೆ ನಿದ್ದೆಯಿಲ್ಲ. ಕಡೆಗೆ, “ಸಭಾಕ್ಕ ಬರ್ರಿ. ನನ್ನ ಉತ್ತರ ಪೂರಾ ಕೇಳ್ರಿ. ಆಮ್ಯಾಲ ನೀವ ಈ ಮಾತು ಬಿಡ್ತೀರಿ” ಎಂದರು.

ಸಭೆಯ ದಿನ ಬಿರುಬಿಸಿಲು. ಅಣೆಕಟ್ಟಿನ ಹಿನ್ನೀರು ಹಿಂದೆ ಸರಿದು, ಹಿಂದೊಮ್ಮೆ ಮನೆಗಳಿದ್ದ ಕಡೆ ಬುನಾದಿಗಳು ಎದ್ದು ಕಾಣುತ್ತಿದ್ದವು. ಓಣಿಯಲ್ಲಿ ಒಂದು ನಾಯಿಯೂ ಇರಲಿಲ್ಲ. ಸಭಾಂಗಣದಲ್ಲಿ ಹತ್ತು ಹನ್ನೆರಡು ಜನ. ಇಳಕಲ್ಲಿನ ಕಾಲೇಜಿನಲ್ಲಿ ಪಾಠ ಹೇಳುವ ದಾನಮ್ಮನವರು ಅಂದಿನ ಸಭೆ ನಡೆಸಬೇಕಾಗಿತ್ತು. ಮುತ್ತುರಾಜರ ಕುರ್ಚಿಯನ್ನು ತೆಗೆಯಲು ಯಾರಿಗೂ ಮನಸ್ಸಾಗದೆ ಅದು ಇದ್ದಲ್ಲಿಯೇ ಇತ್ತು.

“ಪಾಸ್ಟರ್, ಒಂದು ಅಡಚಣಿ ಐತ್ರಿ” ಎಂದರು ದಾನಮ್ಮ. “ನೀವು ಅವ್ರ ಮಾತು ಹೇಳ್ತೀರಿ. ಹೌದು ಅನ್ನವ್ರು ಯಾರು?”

“ನಿಯಮ ಬಿಡೂದು ಬ್ಯಾಡ. ಹೇಳಿ ಒಂದ್ ಗಳಿಗಿ ತಡೀತೇನಿ. ಆಮ್ಯಾಲ ಮುಂದ ಹೋಗೂಣು.”

“ಇದ್ದಾಗನ ಜಲ್ದಿ ಹೌದು ಅಂದವ್ರಲ್ಲ, ಈಗೇನ್ ಅಂತಾರ ಬಿಡ್ರಿ” ಎಂದರು ಹುನಗುಂದದಿಂದ ಬಂದ ಹಿರಿಯರೊಬ್ಬರು. ಎಲ್ಲರೂ ನಕ್ಕರು. ಮುಂದಿನ ಸಾಲಿನಲ್ಲಿದ್ದ ಸುಧಾರಾಣಿಯವರು ನಗಲಿಲ್ಲ.

ಸತ್ಯಮಿತ್ರಪ್ಪನವರು ಎದ್ದು ನಿಂತು ಗೆಳೆಯನ ವಾದವನ್ನು ಹೇಳತೊಡಗಿದರು. ಮೊದಮೊದಲು ಅದು ಅವರದೇ ಮೆಲುದನಿಯಾಗಿತ್ತು. ಹೇಳುತ್ತ ಹೇಳುತ್ತ ದನಿ ಗಡುಸಾಯಿತು. ವಾಕ್ಯದ ಕೊನೆಯಲ್ಲಿ ಮೇಜನ್ನು ಬೆರಳಿನಿಂದ ಬಡಿಯುವುದು ಮುತ್ತುರಾಜರ ರೂಢಿ. ಇವರು ಎಂದೂ ಹಾಗೆ ಮಾಡಿದವರಲ್ಲ. ಈಗ ಬಡಿದರು.

“ಗಂಡನ ಮನಿಗೆ ಹೋದ ಮಗಳು ಸುಖವಾಗಿ ಮುಟ್ಟಿರ್ತಾಳ ಅಂತ ತಂದಿಗೆ ಗೊತ್ತಿರತೈತಿ. ಆದ್ರೂ ಫೋನ್ ಮಾಡಿ ಮುಟ್ಟಿದ್ಯೇನವಾ ಅಂತ ಕೇಳ್ತಾನ. ಅದು ಅಪನಂಬಿಕಿ ಅಲ್ಲ, ಪ್ರೀತಿ. ಸತ್ತವರ ಸಲುವಾಗಿ ಪ್ರಾರ್ಥನಿ ಅಂದ್ರ ಇಷ್ಟ” ಎಂದು ನಿಲ್ಲಿಸಿದರು.

ಸುಧಾರಾಣಿಯವರು ಸೆರಗಿನಿಂದ ಬಾಯಿ ಮುಚ್ಚಿಕೊಂಡರು. “ಇದನ್ನ ಅವ್ರು ಸಭಾದಾಗ ಓದಿಲ್ಲ” ಎಂದು ಮೆಲ್ಲಗೆ ಹೇಳಿದರು. “ದವಾಖಾನ್ಯಾಗ ನನಗೊಬ್ಬಾಕಿಗೆ ಹೇಳಿದ್ರು. ನಿಮಗ್ಯಾರು ಹೇಳಿದ್ರಣ್ಣಾ?”

ಸತ್ಯಮಿತ್ರಪ್ಪನವರು ತಬ್ಬಿಬ್ಬಾಗಿ ಅವರನ್ನೇ ನೋಡಿದರು. ತಾವೇನು ಹೇಳಿದೆವೆಂಬುದೇ ಅವರಿಗೆ ಗೊತ್ತಿದ್ದಂತೆ ಕಾಣಲಿಲ್ಲ.

“ಹೌದು. ಇದ ನನ್ನ ಮಾತು.”

ಗಟ್ಟಿಯಾಗಿಯೂ ಅಲ್ಲ, ಪಿಸುಮಾತೂ ಅಲ್ಲ. ಪಕ್ಕದಲ್ಲಿ ಕುಳಿತವರು ಹೇಳಿದ ಹಾಗೆ. ಎಲ್ಲರಿಗೂ ತಮ್ಮ ತಮ್ಮ ಪಕ್ಕದವರೇ ಹೇಳಿದರೆಂದು ಅನ್ನಿಸಿತು. ಎಲ್ಲರೂ ಪಕ್ಕಕ್ಕೆ ತಿರುಗಿದರು.

“ಯಾರ್ರೀ ಅದು? ಇಂಥಾದ್ರಾಗ ಚ್ಯಾಷ್ಟಿ ಮಾಡಬಾರ್ದು” ಎಂದರು ದಾನಮ್ಮ. ನಗಿಸಿದ ಹಿರಿಯರು, “ನಾ ಅಲ್ರಿ, ದೇವರಾಣೆ ನಾ ಅಲ್ಲ” ಎಂದು ಎದ್ದೇ ನಿಂತುಬಿಟ್ಟರು.

ಏನು ಮಾಡಬೇಕೆಂದು ತಿಳಿಯದೆ ದಾನಮ್ಮನವರು ನಿಯಮವನ್ನೇ ಹಿಡಿದರು. “ಪಾಸ್ಟರ್... ಈಗ ನೀವು ಉತ್ತರ ಕೊಡಬೌದ್ರಿ.”

ಸತ್ಯಮಿತ್ರಪ್ಪನವರು ಬರೆದು ತಂದಿದ್ದ ಹಾಳೆಯನ್ನು ಕೈಗೆತ್ತಿಕೊಂಡರು. ಮೊದಲ ಸಾಲು ಏನೆಂದು ನನಗೆ ಗೊತ್ತಿತ್ತು. ಬಸ್ಸಿನಲ್ಲಿ ಬರುವಾಗ ಓದಿ ತೋರಿಸಿದ್ದರು. ಸತ್ತವರಿಗೆ ನಮ್ಮ ಮಾತು ಕೇಳಿಸುವುದಿಲ್ಲ ಎಂದಿತ್ತು. ಖಾಲಿ ಕುರ್ಚಿಯ ಕಡೆಗೆ ಒಮ್ಮೆ ನೋಡಿ, ಹಾಳೆಯನ್ನು ಮಡಚಿ ಜೇಬಿಗೆ ಇಟ್ಟರು.

“ನನ್ನ ಕಡೆ ಉತ್ತರಿಲ್ಲ” ಎಂದರು. “ವೈನಿ, ಏಳ್ರಿ. ಹೋಗೂಣು.”

ಗೋರಿಗಳಿರುವ ಜಾಗ ಹತ್ತಿರವೇ, ಹಿನ್ನೀರಿನ ದಂಡೆಗೆ. ಸುಧಾರಾಣಿಯವರು, ಅವರು, ನಾನು, ಮೂವರೇ ನಡೆದೆವು. ಹೊಸ ಗೋರಿಯ ಮಣ್ಣು ಇನ್ನೂ ಕೆಂಪಗಿತ್ತು. ಅಷ್ಟು ವರ್ಷ ಪಾಸ್ಟರ್ ಆಗಿದ್ದವರಿಗೆ ಪ್ರಾರ್ಥನೆಯ ಮಾತು ಸಿಗಲಿಲ್ಲ. ತಡವರಿಸುತ್ತ, ಮಗ್ಗದ ಮನೆಯ ಮಾತಿನಲ್ಲಿ ಹೇಳಿದರು: “ದೇವ್ರೇ, ಇಂವ ನನ್ನ ಗೆಳೆಯ. ಭಾಳ ಮಾತಾಡ್ತಾನ, ಸಿಟ್ಟಾಗಬ್ಯಾಡ. ಒಳಗ ಕರ್ಕೋ. ಮುತ್ತು, ಹೋಗಪಾ ಇನ್ನ. ವೈನಿ ಮಲಗಲಿ.”

ಸುಧಾರಾಣಿಯವರು ಆಮೆನ್ ಎಂದು ಗಟ್ಟಿಯಾಗಿ ಅತ್ತರು. ಗಾಳಿ ಇರಲಿಲ್ಲ. ಆದರೂ ನಮ್ಮ ಕಾಲ ಬಳಿಯಿಂದ ದಂಡೆಯವರೆಗೆ ಒಣಹುಲ್ಲು ಒಂದೇ ಸಾಲಿನಲ್ಲಿ ಮೆಲ್ಲಗೆ ಬಾಗುತ್ತ ಹೋಯಿತು. ಸತ್ಯಮಿತ್ರಪ್ಪನವರು ಅದನ್ನು ನೋಡಿ, ಕಾಲಿನ ಚಪ್ಪಲಿ ಬಿಚ್ಚಿ, ಒಂದು ಹೆಜ್ಜೆ ಪಕ್ಕಕ್ಕೆ ಸರಿದು ದಾರಿ ಬಿಟ್ಟು ನಿಂತರು.